ಜೂನಿಯರ್‌ಗೆ ಸಂಬಳ ಕೊಡುವವರು ಯಾರು? ದುರ್ಗ, ದಾವಣಗೆರೆ ಕೋರ್ಟುಗಳ ಹಳೆಯ ಪ್ರಶ್ನೆ

ಸೀನಿಯರ್ ಆಫೀಸಿನಲ್ಲಿ ಕೆಲಸ ಕಲಿಯುವ ಕಿರಿಯ ವಕೀಲರಿಗೆ ತಿಂಗಳಿಗೆ ನಗರದಲ್ಲಾದರೆ 20 ಸಾವಿರ, ಗ್ರಾಮೀಣ ಭಾಗದಲ್ಲಾದರೆ 15 ಸಾವಿರ ರೂಪಾಯಿಯಾದರೂ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಆದೇಶವಲ್ಲ. ಹೊಳಲ್ಕೆರೆಯಲ್ಲೋ ಜಗಳೂರಿನಲ್ಲೋ ಇಪ್ಪತ್ತು ವರ್ಷ ಪ್ರಾಕ್ಟೀಸು ಮಾಡಿದ ವಕೀಲರ ಮುಂದೆ ಈ ಮಾತೆತ್ತಿದರೆ, ಆಫೀಸ್ ಬಾಡಿಗೆ, ಗುಮಾಸ್ತರ ಸಂಬಳ, ಟೈಪಿಂಗ್ ಖರ್ಚು ಕಳೆದು ತಮಗೆ ಉಳಿಯುವುದೆಷ್ಟು ಎಂಬ ಲೆಕ್ಕ ಶುರುವಾಗುತ್ತದೆ. ಅದು ಸುಳ್ಳು ಲೆಕ್ಕವೇನೂ ಅಲ್ಲ. ಅದೇ ಆಫೀಸಿನಲ್ಲಿ ಮೂರು ವರ್ಷದಿಂದ ಫೈಲು ಹೊತ್ತು ಪೆಟ್ರೋಲ್ ಖರ್ಚಿನಲ್ಲೇ ದಿನ ದೂಡುತ್ತಿರುವ ಹುಡುಗಿಯ ಲೆಕ್ಕವೂ ಸುಳ್ಳಲ್ಲ. ಎರಡೂ ನಿಜವಾಗಿರುವುದರಿಂದಲೇ ಈ ವಿಷಯ ಇಷ್ಟು ಸಿಕ್ಕಾಗಿದೆ.

ಇದರ ಬೇರು ಹಳೆಯದು. ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟ್ ಬಂತು, 1930ರಲ್ಲಿ ಅದು ಹೈಕೋರ್ಟ್ ಆಯಿತು, 1961ರ ವಕೀಲರ ಕಾಯ್ದೆ ದರ್ಜೆ ದರ್ಜೆಯ ಪ್ಲೀಡರುಗಳನ್ನೆಲ್ಲ ಒಂದೇ ‘ಅಡ್ವೊಕೇಟ್’ ಪಟ್ಟಿಗೆ ತಂದಿತು. ಆ ಕಾಲದ ಚಿತ್ರದುರ್ಗದಲ್ಲಿ ವಕೀಲಿಕೆಗೆ ಬರುತ್ತಿದ್ದವರು ಬಹುಮಟ್ಟಿಗೆ ಮನೆಯಲ್ಲಿ ಜಮೀನೋ ವ್ಯಾಪಾರವೋ ಇದ್ದವರು. ಎಸ್. ನಿಜಲಿಂಗಪ್ಪನವರು ಪುಣೆಯಲ್ಲಿ ಕಾನೂನು ಓದಿ ಬಂದು ಪ್ರಾಕ್ಟೀಸಿಗೆ ನಿಂತದ್ದು ಇದೇ ದುರ್ಗದಲ್ಲಿ. ವಕೀಲಿಕೆ ಎಂದರೆ ಹೊಟ್ಟೆಪಾಡಿನಷ್ಟೇ ಸಾರ್ವಜನಿಕ ಜೀವನದ ಬಾಗಿಲೂ ಆಗಿದ್ದ ದಿನಗಳವು. ಸೀನಿಯರ್ ಮನೆಯ ಪಡಸಾಲೆಯೇ ಆಫೀಸು. ಜೂನಿಯರ್‌ಗೆ ಅಲ್ಲೇ ಕಾಫಿ, ಕೆಲವೊಮ್ಮೆ ಊಟ. ಸಂಬಳ ಕೇಳುವುದು ಮರ್ಯಾದೆಯಲ್ಲ, ಕೊಡುವುದು ರೂಢಿಯಲ್ಲ. ಊರಿನಿಂದ ಅಕ್ಕಿ, ರಾಗಿ ಬರುವ ಹುಡುಗನಿಗೆ ಇದು ನಡೆಯುತ್ತಿತ್ತು. ಹಾಗೆ ಬಾರದವನ ಗತಿಯೇನು ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ, ಏಕೆಂದರೆ ಅಂಥವನು ಆ ಪಡಸಾಲೆಯ ತನಕ ಬರುವುದೇ ಅಪರೂಪವಾಗಿತ್ತು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಈ ಲೋಕವನ್ನು ಎರಡು ಕಡೆಯಿಂದ ಅಲುಗಾಡಿಸಿತು. ಗೇಣಿ ಜಮೀನು ಕೈಬಿಟ್ಟ ಮನೆಗಳಿಗೆ ಮಗನನ್ನು ವರ್ಷಗಟ್ಟಲೆ ಬಿಟ್ಟಿ ದುಡಿಮೆಗೆ ಕಳಿಸುವ ಶಕ್ತಿ ಕುಂದಿತು. ಇನ್ನೊಂದು ಕಡೆ, ಜಿಲ್ಲೆಯ ಅತಿದೊಡ್ಡ ಜಮೀನು ವ್ಯಾಜ್ಯ ನಡೆದದ್ದು ಭೂನ್ಯಾಯಮಂಡಳಿಗಳಲ್ಲಿ. ಅಲ್ಲಿ ವಕೀಲರು ಹಾಜರಾಗುವಂತಿಲ್ಲ ಎಂದು ಕಾಯ್ದೆಯ 48(8)ನೇ ಕಲಮು ಹೇಳುತ್ತಿತ್ತು. ಗೇಣಿದಾರರು ಜಮೀನಿನ ಹಕ್ಕು ಕೇಳುವ ಅರ್ಜಿಯಾದ ಫಾರಂ 7 ಬರೆದುಕೊಟ್ಟವರು ಅರ್ಜಿ ಬರಹಗಾರರು, ಊರಿನ ಓದಿದವರು, ಒಂದಿಷ್ಟು ಪುಢಾರಿಗಳು. ಈ ಕಲಮಿನ ಬಲದಿಂದ ವಕೀಲರನ್ನು ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವಾಗ 1987 ಬಂದಿತ್ತು. ಅಷ್ಟರಲ್ಲಿ ಮುಖ್ಯ ಕೆಲಸ ಮುಗಿದು, ಉಳಿದದ್ದು ಬೆಂಗಳೂರಿನ ಹೈಕೋರ್ಟಿನ ರಿಟ್ ಅರ್ಜಿಗಳು. ವಕೀಲರಿಲ್ಲದಿದ್ದುದರಿಂದ ಗೇಣಿದಾರನಿಗೆ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬ ವಾದ ಇಂದಿಗೂ ಬಾರ್ ರೂಮುಗಳಲ್ಲಿ ಬಗೆಹರಿದಿಲ್ಲ. ಪರಿಶಿಷ್ಟರ ಜಮೀನು ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆ 1979ರ ಜನವರಿಯಲ್ಲಿ ಜಾರಿಯಾದ ಮೇಲೆ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನ ಕಡೆ ಹೊಸ ಕೆಲಸ ಹುಟ್ಟಿತು ಎಂಬುದನ್ನಷ್ಟೇ ಇಲ್ಲಿ ಗುರುತಿಸೋಣ.

ಇದೇ ಹೊತ್ತಿಗೆ ಕಾನೂನು ಕಾಲೇಜು ಮನೆಬಾಗಿಲಿಗೆ ಬಂದಿತ್ತು. ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜು, ದುರ್ಗದ ಸರಸ್ವತಿ ಕಾನೂನು ಕಾಲೇಜುಗಳಲ್ಲಿ ಓದಿ, ಮನೆತನದಲ್ಲೇ ಮೊದಲ ಬಾರಿಗೆ ಕರಿ ಕೋಟು ತೊಟ್ಟವರು ಸಾಲಾಗಿ ಬಂದರು. ಹತ್ತಿ ಮಿಲ್ಲಿನ ಕಾರ್ಮಿಕರ ಮಕ್ಕಳು, ಶೇಂಗಾ ಬೆಳೆಯುವ ಚಳ್ಳಕೆರೆ ಕಡೆಯ ರೈತರ ಮಕ್ಕಳು. ಬಂದವರು ಬೇರೆಯಾದರೂ ಆಫೀಸಿನ ರೂಢಿ ಮಾತ್ರ ಹಳೆಯದೇ ಉಳಿಯಿತು.

ಹಾಗಿದ್ದೂ ಆ ತಲೆಮಾರು ಹೇಗೆ ಬದುಕಿತು? ಉತ್ತರ ಇರುವುದು ಹೆದ್ದಾರಿಯಲ್ಲಿ. ಪುಣೆ–ಬೆಂಗಳೂರು ರಸ್ತೆ, ಆಗಿನ ನಾಲ್ಕನೇ ನಂಬರು, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಸೊಲ್ಲಾಪುರ–ಮಂಗಳೂರು ಹೆದ್ದಾರಿ ದುರ್ಗದಲ್ಲೇ ಅದನ್ನು ದಾಟುತ್ತದೆ. ಹೊಸ ಮೋಟಾರು ವಾಹನ ಕಾಯ್ದೆ 1989ರ ಜುಲೈನಲ್ಲಿ ಜಾರಿಯಾಯಿತು. 1994ರ ತಿದ್ದುಪಡಿ ಎರಡು ಬಾಗಿಲು ತೆರೆಯಿತು: ಪರಿಹಾರದ ಅರ್ಜಿಗೆ ಇದ್ದ ಆರು ತಿಂಗಳ ಗಡುವು ಹೋಯಿತು, ಅಪಘಾತವಾದ ಜಾಗದಲ್ಲಷ್ಟೇ ಅಲ್ಲದೆ ಅರ್ಜಿದಾರ ವಾಸವಿರುವ ಊರಿನಲ್ಲೂ ಕೇಸು ಹಾಕಬಹುದಾಯಿತು. ಅಪಘಾತ ಪರಿಹಾರದ ಕೇಸುಗಳಿಗಿರುವ ‘ಎಂವಿಸಿ’ ಎಂಬ ಮೂರಕ್ಷರ ಈ ಎರಡು ಊರುಗಳ ಬಾರ್‌ಗೆ ಅನ್ನ ಕೊಟ್ಟಿತು ಎಂದರೆ ಅತಿಶಯವಲ್ಲ.

ಆ ಕೆಲಸದ ರೀತಿ ವಿವರವಾಗಿ ಹೇಳುವಂಥದ್ದು. ಸಿವಿಲ್ ದಾವೆಯಲ್ಲಿ ಕಕ್ಷಿದಾರ ವಕಾಲತ್ತಿಗೆ ಸಹಿ ಹಾಕುವ ದಿನ ಒಂದಿಷ್ಟು ಕೊಡುತ್ತಾನೆ, ಆಮೇಲೆ ವಾಯಿದೆಗೆ ಬಂದಾಗ ಇನ್ನಿಷ್ಟು. ಎಂವಿಸಿಯಲ್ಲಿ ಹಾಗಲ್ಲ. ಕಾಲು ಮುರಿದು ಮಲಗಿದವನ ಬಳಿ, ಗಂಡನನ್ನು ಕಳೆದುಕೊಂಡವಳ ಬಳಿ ಮುಂಗಡ ಕೇಳುವುದು ಹೇಗೆ? ವಕೀಲರೇ ಕೈಯಿಂದ ಹಾಕಿ ಎಫ್‌ಐಆರ್, ಪಂಚನಾಮೆ, ವೂಂಡ್ ಸರ್ಟಿಫಿಕೇಟುಗಳ ನಕಲು ತೆಗೆಸಬೇಕು, ಅಂಗವೈಕಲ್ಯದ ಪ್ರಮಾಣ ಹೇಳಲು ಡಾಕ್ಟರನ್ನು ಸಾಕ್ಷಿಗೆ ಕರೆಸಬೇಕು, ಅವರ ಫೀಜನ್ನೂ ತಾವೇ ಭರಿಸಬೇಕು. ಎರಡು–ಮೂರು ವರ್ಷದ ಮೇಲೆ ವಿಮಾ ಕಂಪನಿ ದುಡ್ಡು ಕಟ್ಟಿದಾಗ ಲೆಕ್ಕ ಚುಕ್ತಾ. ಬಂದ ಪರಿಹಾರದಲ್ಲಿ ಪಾಲು ಗೊತ್ತುಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಡತೆ ನಿಯಮಗಳು ನಿಷೇಧಿಸುತ್ತವೆ. ನಿಯಮ ಇದ್ದೂ ರೂಢಿ ಬೆಳೆದದ್ದು ಏಕೆಂದು ಕೇಳಿದರೆ, ಆ ಹೆಂಗಸಿಗೆ ಬೇರೆ ಯಾವ ದಾರಿಯಿತ್ತು ಎಂಬ ಮರುಪ್ರಶ್ನೆ ಬರುತ್ತದೆ. ಉಚಿತ ಕಾನೂನು ನೆರವಿನ ಕಾಯ್ದೆ 1987ರದ್ದಾದರೂ ಜಾರಿಯಾದದ್ದು 1995ರ ನವೆಂಬರ್‌ನಲ್ಲಿ. ಅದು ಹಳ್ಳಿಯ ಕಿವಿಗೆ ಬೀಳಲು ಇನ್ನೂ ಕಾಲ ಹಿಡಿಯಿತು. ಆ ನಡುವಿನ ವರ್ಷಗಳಲ್ಲಿ ವಕೀಲರೇ ಸಾಲ ಕೊಟ್ಟವರಂತೆ ನಿಂತರು. ಸಾಲ ಕೊಟ್ಟವರಿಗೆ ಬರುವ ಹೆಸರು, ಕೆಟ್ಟ ಹೆಸರು ಎರಡೂ ಬಂದವು.

ಜೂನಿಯರ್ ಬದುಕಿಗೂ ಇದು ಆಸರೆಯಾಯಿತು. ಊರಿನ ಕಡೆಯ ಒಂದು ಅಪಘಾತದ ಕೇಸನ್ನು ಆಫೀಸಿಗೆ ತಂದವನಿಗೆ ಚೆಕ್ ಬಂದ ದಿನ ಏನಾದರೂ ಸಿಗುತ್ತಿತ್ತು. 1989ರ ಏಪ್ರಿಲ್‌ನಿಂದ ಚೆಕ್ ಬೌನ್ಸ್ ಅಪರಾಧವಾದ ಮೇಲೆ ದಾವಣಗೆರೆಯ ಎಪಿಎಂಸಿ ಮಂಡಿಗಳು, ಬಟ್ಟೆ ಅಂಗಡಿಗಳು, ಫೈನಾನ್ಸುಗಳಿಂದ ಅಂಥದೇ ಇನ್ನೊಂದು ಹರಿವು ಬಂತು. ಸಂಬಳವಿಲ್ಲದ ವ್ಯವಸ್ಥೆ ಕುಸಿಯದೆ ನಿಂತದ್ದು ಈ ಎರಡು ಬಗೆಯ ಕೇಸುಗಳ ಮೇಲೆ. ಕುಸಿಯಲಿಲ್ಲವಾದ್ದರಿಂದ ಅದನ್ನು ಬದಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆಯನ್ನು ಜಿಲ್ಲೆ ಮಾಡಿತು. ಅಲ್ಲಿಯವರೆಗೆ ಜಿಲ್ಲಾ ಕೋರ್ಟಿನ ಕೆಲಸಕ್ಕೆ ದುರ್ಗಕ್ಕೆ ಹೋಗುತ್ತಿದ್ದ ಊರಿನಲ್ಲೇ ಮುಂದೆ ಜಿಲ್ಲಾ ನ್ಯಾಯಾಲಯ ಬಂತು. ಕೋರ್ಟ್ ಹಾಲುಗಳು ಹೆಚ್ಚಿದವು, ಅಷ್ಟೇ ವೇಗದಲ್ಲಿ ಒಬ್ಬ ವಕೀಲ ಒಂದೇ ಬೆಳಗ್ಗೆ ನಿಲ್ಲಬೇಕಾದ ಜಾಗಗಳೂ ಹೆಚ್ಚಿದವು. ಒಂದು ಹಾಲಿನಲ್ಲಿ ಕ್ರಾಸ್ (ಪಾಟಿಸವಾಲು), ಇನ್ನೊಂದರಲ್ಲಿ ಆರ್ಗ್ಯುಮೆಂಟು, ಮೂರನೆಯದರಲ್ಲಿ ಜಾಮೀನು. ಕೇಸು ಕೂಗಿದಾಗ ಎದ್ದು ನಿಂತು “ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ಪಾಸ್ ಓವರ್ ಕೊಡಬೇಕು ಸ್ವಾಮಿ” ಎಂದು ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಲು ಕೋರುವುದೇ ಜೂನಿಯರ್‌ನ ಮುಖ್ಯ ಕಸುಬಾಯಿತು. ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ವಾಯಿದೆಗೆ ವಕೀಲರೇ ಕಾರಣ ಎಂದು ಕಕ್ಷಿದಾರರು ಬೈಯುತ್ತಾರೆ. ಆದರೆ ವಾಯಿದೆ ಲೆಕ್ಕದಲ್ಲಿ ಫೀಜು, ಸಂಬಳವಿಲ್ಲದ ಸಹಾಯಕ, ಒಂದೇ ಗಂಟೆಗೆ ನಾಲ್ಕು ಹಾಲು, ಖಾಲಿ ಬಿದ್ದ ನ್ಯಾಯಾಧೀಶರ ಹುದ್ದೆ ಇಷ್ಟೂ ಸೇರಿದ ಕಡೆ ಬೇರೇನು ಹುಟ್ಟೀತು?

2002ರ ಜುಲೈ 1ರಿಂದ ಜಾರಿಗೆ ಬಂದ ಸಿವಿಲ್ ತಿದ್ದುಪಡಿ ಒಂದು ಸದ್ದಿಲ್ಲದ ನಷ್ಟ ಮಾಡಿತು. ಅದನ್ನು ಗಮನಿಸಿದವರು ಕಡಿಮೆ. ಸಾಕ್ಷಿಯ ಮುಖ್ಯ ವಿಚಾರಣೆಯನ್ನು, ಅಂದರೆ ಅವರ ಕಡೆಯ ವಕೀಲರೇ ಕೇಳಿ ಹೇಳಿಸುವ ಮೊದಲ ಹೇಳಿಕೆಯನ್ನು, ಅಫಿಡವಿಟ್ ಮೂಲಕ ಸಲ್ಲಿಸಿದರೆ ಸಾಕು ಎಂದಾಯಿತು. ಸಮಯ ಉಳಿಯಿತು, ನಿಜ. ಆದರೆ ಸಾಕ್ಷಿಯ ಬಾಯಿಂದ ಕತೆಯನ್ನು ಒಂದೊಂದೇ ಪ್ರಶ್ನೆಯಲ್ಲಿ ಹೊರತೆಗೆಯುವ ಕಲೆಯನ್ನು ಜೂನಿಯರ್ ಕಲಿಯುತ್ತಿದ್ದದ್ದು ಆ ಕಟಕಟೆಯ ಎದುರು ಕೂತು. ಈಗ ಅದು ಡಿಟಿಪಿ ಅಂಗಡಿಯಲ್ಲಿ ಹಳೆಯ ಅಫಿಡವಿಟ್‌ನ ಹೆಸರು ಬದಲಿಸುವ ಕೆಲಸ. ಸಂಬಳಕ್ಕೆ ಬದಲಾಗಿ ವಿದ್ಯೆ ಎಂಬ ಹಳೆಯ ಒಪ್ಪಂದದಲ್ಲಿ ವಿದ್ಯೆಯ ಭಾಗವೇ ತೆಳುವಾಯಿತು.

ತರಬೇತಿಯನ್ನು ನಿಯಮಕ್ಕೆ ತರುವ ಯತ್ನವೂ ನಡೆದಿತ್ತು. ಸನ್ನದಿಗೆ (ವಕೀಲಿಕೆಯ ಪರವಾನಗಿಗೆ) ಮುಂಚೆ ಒಂದು ವರ್ಷ ಸೀನಿಯರ್ ಕೈಕೆಳಗೆ ಕಲಿಯಬೇಕೆಂದು ಪರಿಷತ್ತು 1995ರಲ್ಲಿ ನಿಯಮ ಮಾಡಿತು. ಅದಕ್ಕೆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ 1999ರಲ್ಲಿ ರದ್ದು ಮಾಡಿತು. 2010ರಲ್ಲಿ ಅಖಿಲ ಭಾರತ ಬಾರ್ ಪರೀಕ್ಷೆ ಬಂತು, 2023ರ ಫೆಬ್ರುವರಿಯಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಪುಸ್ತಕ ತೆರೆದಿಟ್ಟು ಬರೆಯುತ್ತಿದ್ದ ಕಾಲ ಹೋಗಿ ಈಗ ಬೇರ್ ಆ್ಯಕ್ಟ್ (ಟಿಪ್ಪಣಿಯಿಲ್ಲದ ಕಾಯ್ದೆಯ ಪಠ್ಯ) ಮಾತ್ರ ಒಯ್ಯಬಹುದು. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರ ತರಬೇತಿ ಅವಧಿಯ ಶಿಷ್ಯವೇತನ ಕೊಡುತ್ತದೆ. ಆಫೀಸಿನಿಂದ ಏನೂ ಹುಟ್ಟದವರಿಗೆ ಅದೊಂದೇ ಖಚಿತ ಆದಾಯ.

2020ರಿಂದ ಈಚೆಗೆ ಆಸರೆಯ ಕಂಬಗಳೇ ಅಲುಗಿವೆ. ಆ ವರ್ಷ ಕೋವಿಡ್‌ನಿಂದ ಕೋರ್ಟು ಮುಚ್ಚಿದಾಗ ದಿನದ ದುಡಿಮೆ ನಂಬಿದವರು ಊರು ಸೇರಿ ಹೊಲಕ್ಕಿಳಿದರು. 2022ರ ಏಪ್ರಿಲ್ 1ರಿಂದ ಎಂವಿಸಿ ಅರ್ಜಿಗೆ ಆರು ತಿಂಗಳ ಗಡುವು ಮರಳಿತು. ಅಪಘಾತದ ವಿವರ ವರದಿಯನ್ನು ಪೊಲೀಸರೇ ನೇರವಾಗಿ ನ್ಯಾಯಮಂಡಳಿಗೆ ಕಳಿಸಬೇಕೆಂಬ ನಿಯಮವೂ ಬಂತು. ಅದೇ ವರ್ಷ ಕಾನೂನು ಸೇವಾ ಪ್ರಾಧಿಕಾರದಡಿ ಆರೋಪಿಗಳ ಪರ ವಾದಿಸುವ ಪೂರ್ಣಾವಧಿ ವಕೀಲರ (ಡಿಫೆನ್ಸ್ ಕೌನ್ಸೆಲ್) ವ್ಯವಸ್ಥೆ ಶುರುವಾಯಿತು. ಆರೋಪಿಗಳಿಗೆ ಅದು ಖಂಡಿತ ಮೇಲು. ಆದರೆ ಕಾನೂನು ನೆರವಿನ ಪ್ಯಾನೆಲ್‌ನಲ್ಲಿದ್ದು ಒಂದೊಂದು ಕ್ರಿಮಿನಲ್ ಕೇಸಿನಲ್ಲಿ ಕೈ ಪಳಗಿಸಿಕೊಳ್ಳುತ್ತಿದ್ದ ಕಿರಿಯರಿಗೆ ಆ ದಾರಿ ಕಿರಿದಾಯಿತು. ಮೇಲ್ಮನವಿಯ ಆದಾಯವಂತೂ ಇಲ್ಲಿಯವರಿಗೆ ಮೊದಲಿಂದಲೂ ದೂರವೇ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದರೂ, ಅದಕ್ಕಿಂತ ದೂರದ ಬೆಂಗಳೂರಿಗೇ ದಾವಣಗೆರೆಯವರು ಹೋಗಬೇಕು.

ಒಂದು ವಿಷಯದಲ್ಲಿ ಮಾತ್ರ ತಕ್ಕಡಿ ಸ್ವಲ್ಪ ವಾಲಿದೆ. ಇ-ಫೈಲಿಂಗ್, ವಿಡಿಯೊ ಕಾನ್ಫರೆನ್ಸ್, 2024ರ ಜುಲೈನಿಂದ ಬಂದ ಮೂರು ಹೊಸ ಕ್ರಿಮಿನಲ್ ಕಾಯ್ದೆಗಳ ಕಲಮುಗಳು: ಇವೆಲ್ಲ ಹಿರಿಯರಿಗಿಂತ ಕಿರಿಯರ ಬೆರಳ ತುದಿಯಲ್ಲಿವೆ. ನಲವತ್ತು ವರ್ಷ ಕೊಲೆಗೆ 302, ವಂಚನೆಗೆ 420 ಎಂದು ರೂಢಿಯಾದ ನಾಲಿಗೆಗೆ 103, 318 ಅಷ್ಟು ಸಲೀಸಲ್ಲ. ಸಂಘಗಳಲ್ಲೂ ಬದಲಾವಣೆ ಇದೆ; ಜಿಲ್ಲಾ ವಕೀಲರ ಸಂಘಗಳ ಕಾರ್ಯಕಾರಿ ಸಮಿತಿಯಲ್ಲಿ ಮಹಿಳೆಯರಿಗೆ ಶೇ 30 ಸ್ಥಾನ ಮೀಸಲಿಡಬೇಕೆಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಸೂಚಿಸಿತು. ಸಂಬಳದ ಪ್ರಶ್ನೆಯನ್ನು ಸಭೆಯ ಅಜೆಂಡಾಕ್ಕೆ ತರುವವರು ಈ ಹೊಸಬರೇ ಆಗಬಹುದು.

ಅಷ್ಟರಲ್ಲಿ ಸುಪ್ರೀಂ ಕೋರ್ಟಿನ 2025ರ ಮೇ 20ರ ತೀರ್ಪು ಬಂತು. ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಲು ಇನ್ನು ಮುಂದೆ ಕನಿಷ್ಠ ಮೂರು ವರ್ಷದ ಪ್ರಾಕ್ಟೀಸು ಬೇಕು. ಓದು ಮುಗಿಸಿ ನೇರ ಕೋಚಿಂಗಿಗೆ ಹೋಗುತ್ತಿದ್ದವರೂ ಈಗ ಯಾವುದಾದರೂ ಆಫೀಸು ಸೇರಲೇಬೇಕು. ಮೂರು ವರ್ಷ ದುಡಿದದ್ದಕ್ಕೆ ಪ್ರಮಾಣಪತ್ರ ಕೊಡಬೇಕಾದವರು ಕನಿಷ್ಠ ಹತ್ತು ವರ್ಷ ಅನುಭವದ ವಕೀಲರು. ಅದಕ್ಕೆ ಜಿಲ್ಲಾ ನ್ಯಾಯಾಧೀಶರ ಮೇಲುರುಜು ಬೇಕು. ಆ ಮೂರು ವರ್ಷ ಕೈಗೆ ಎಷ್ಟು ಸಿಕ್ಕಿತೆಂದು ಬರೆಯುವ ಕಾಲಂ ಆ ಪತ್ರಕ್ಕೆ ಬೇಕಿಲ್ಲ.