ಬೇಸಿಗೆ ರಜೆಗೆ ನಾಯಿಯನ್ನೂ ಬೆಟ್ಟ ಹತ್ತಿಸಬಹುದಾ?

ಪ್ರಶ್ನೆ: ಮೇ ಮೊದಲ ವಾರ ಹೊಸನಗರದ ಕಡೆ ಅತ್ತೆ ಮನೆಗೆ ಹೊರಟಿದ್ದೇವೆ. ನಾಲ್ಕು ವರ್ಷದ ಲ್ಯಾಬ್ರಡಾರ್ ಇದೆ, 30 ಕೆ.ಜಿ. ತೂಕ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೇ ಬೆಳೆದದ್ದು. ಕೊಡಚಾದ್ರಿ, ಕುಂದಾದ್ರಿ ಎಲ್ಲ ಅದರ ಜೊತೆಗೇ ಹತ್ತಬೇಕು ಅಂತ ಮಕ್ಕಳ ಹಟ. ಏನೇನು ತಯಾರಿ ಬೇಕು?

ಉತ್ತರ: ಧಾರಾಳವಾಗಿ ಕರೆದುಕೊಂಡು ಬನ್ನಿ. ಬೆಟ್ಟ ಮಾತ್ರ ಬದಲಿಸಿ.

ಹೊಸನಗರ, ಸಾಗರ, ಸೊರಬದ ಕಡೆ ಬೆಟ್ಟ ಅಂದರೆ ಎರಡು ಅರ್ಥ. ಒಂದು, ಫೋಟೋದಲ್ಲಿ ಬರುವಂಥದ್ದು. ಇನ್ನೊಂದು ಸೊಪ್ಪಿನ ಬೆಟ್ಟ. ಅಡಕೆ ತೋಟಕ್ಕೆ ಸೊಪ್ಪು, ದರಗು (ಉದುರಿದ ಒಣ ಎಲೆ) ತಂದುಕೊಳ್ಳಲಿ ಅಂತ ತೋಟದವರಿಗೆ ಬಿಟ್ಟುಕೊಟ್ಟ, ಮನೆ ಹಿತ್ತಿಲಿನಿಂದಲೇ ಶುರುವಾಗುವ ಕಾಡು. ನಿಮ್ಮ ನಾಯಿಗೆ ಬೇಕಾದದ್ದು ಈ ಎರಡನೆಯದು. 1,343 ಮೀಟರ್ ಎತ್ತರದ ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದ ಒಳಗೆ ಬರುತ್ತದೆ. ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನ ಅಂತ ಬೋರ್ಡು ಇದ್ದಲ್ಲಿಗೆ ಸಾಕುನಾಯಿ ಒಯ್ಯುವಂತಿಲ್ಲ. ಕುದುರೆಮುಖಕ್ಕೂ ಇದೇ ಮಾತು, ಶೆಟ್ಟಿಹಳ್ಳಿಗೂ ಇದೇ. ಇದನ್ನು ಬರೀ ಇಲಾಖೆಯ ಕಿರಿಕಿರಿ ಅಂದುಕೊಳ್ಳಬೇಡಿ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ತಗುಲಿದ್ದು ಡಿಸ್ಟೆಂಪರ್ ಅಂತ ಗೊತ್ತಾಯಿತು. ನಾಯಿಗಳಲ್ಲಿ ಓಡಾಡಿಕೊಂಡಿರುವ ಕಾಯಿಲೆ ಅದು. ಕುಂದಾದ್ರಿಯ ತುದಿಯಲ್ಲಿ ಜೈನ ಬಸದಿ ಇದೆ, ಅಲ್ಲಿಗೆ ನಾಯಿಯನ್ನು ಒಯ್ಯುವುದು ಮರ್ಯಾದೆಯೂ ಅಲ್ಲ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ನಾಯಿ ಅತ್ತೆಯ ಹತ್ತಿರ ಇರಲಿ. ತುದಿ ಮುಟ್ಟಿದೆ ಅನ್ನುವ ಸಂತೋಷ ಮನುಷ್ಯರದ್ದು. ನಾಯಿಗೆ ಸುಖ ಇರುವುದು ದಾರಿಯುದ್ದಕ್ಕೂ ಮೂಸುವುದರಲ್ಲಿ.

ಇನ್ನು ಸೆಕೆಯ ವಿಷಯ. ಬೆಂಗಳೂರಿನವರು ಪೆಟ್ಟು ತಿನ್ನುವುದು ಇಲ್ಲೇ. ಮಲೆನಾಡು ಅಂದರೆ ತಂಪು ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಇಲ್ಲ, ಪಾದದಡಿಯಲ್ಲಿ ಒಂದಿಷ್ಟು ಅಷ್ಟೆ. ಬಾಯಿ ತೆರೆದು ತೇಕುತ್ತ, ನಾಲಿಗೆ ಮತ್ತು ಉಸಿರಿನ ಪಸೆ ಆರಿದಷ್ಟು ಅದರ ಮೈ ತಣಿಯುತ್ತದೆ. ಅಂದರೆ ಗಾಳಿ ಒಣ ಇರಬೇಕು. ಏಪ್ರಿಲ್ ಕೊನೆಯಲ್ಲಿ, ಭರಣಿ ಮಳೆ ಬರುವ ಮುಂಚೆ, ಮಧ್ಯಾಹ್ನ ಮೋಡ ಕಟ್ಟಿ ಒಂದು ಎಲೆಯೂ ಅಲ್ಲಾಡದೆ ಇರುತ್ತದಲ್ಲ, ಆ ಹೊತ್ತಿನಲ್ಲಿ ಗಾಳಿಯೇ ಹಸಿ. ನಾಯಿ ಎಷ್ಟು ತೇಕಿದರೂ ಮೈಕಾವು ಇಳಿಯುವುದಿಲ್ಲ. 'ಇವತ್ತು ಬಿಸಿಲಿಲ್ಲ, ಹೋಗಬಹುದು' ಅಂತ ಅನಿಸುವ ದಿನವೇ ಹೆಚ್ಚು ಮೋಸದ ದಿನ.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಭಾವನ ಮಗ ರಜೆಗೆ ಬಂದಾಗ ತನ್ನ ನಾಯಿಯನ್ನೂ ತಂದಿದ್ದ, ನಿಮ್ಮದರ ಜಾತಿಯೇ. ತಿಂಡಿ ಮುಗಿಸಿ ಒಂಬತ್ತೂವರೆಗೆ ಹೊರಟೆವು. ಮೋಡ ಇತ್ತು. ತೋಟದ ಮೇಲಿನ ಏರು ಹತ್ತುವವರೆಗೆ ಅದೇ ಎಲ್ಲರಿಗಿಂತ ಮುಂದೆ. ಆಮೇಲೆ ಒಂದು ನೇರಳೆ ಮರದಡಿ ಹಿಂಗಾಲು ಚಾಚಿ ಮಲಗಿತು. ನಾಲಿಗೆಯ ತುದಿ ಸೌಟಿನ ಹಾಗೆ ಅಗಲವಾಗಿತ್ತು. ನಾವು ನಕ್ಕೆವು, ಅವನು ಫೋಟೋ ತೆಗೆದ. ಎಬ್ಬಿಸಿದರೆ ಏಳಲಿಲ್ಲ. ತುಟಿ ಎತ್ತಿ ನೋಡಿದರೆ ವಸಡು ಮುರುಗಲು ಹಣ್ಣಿನ ಕಡುಗೆಂಪು ಬಣ್ಣ, ಜೊಲ್ಲು ಅಂಟಿನ ಹಾಗೆ ಎಳೆ ಎಳೆಯಾಗಿತ್ತು. ಪಂಚೆಯಲ್ಲಿ ಹೊತ್ತು ತೋಟದ ಹೊಂಡದ ಹತ್ತಿರ ಇಳಿಸಿದೆವು. ಪಾತ್ರೆ ಎಲ್ಲಿಂದ ತರುವುದು? ಬಿದ್ದಿದ್ದ ಅಡಕೆ ಹಾಳೆಯನ್ನು ಮಡಚಿ ನೀರು ಮೊಗೆದು ಹೊಟ್ಟೆ, ತೊಡೆಸಂದು, ಕುತ್ತಿಗೆಗೆ ಹೊಯ್ದೆವು. ಇನ್ನೊಂದು ಹಾಳೆಯಲ್ಲಿ ಚಿಕ್ಕಮ್ಮ ಬೀಸುತ್ತಲೇ ಇದ್ದರು, "ನಾಯಿಗೆ ಎಂಥ ಪ್ರವಾಸ ಮಾರಾಯ" ಅಂತ ಬೈಯುತ್ತಲೂ ಇದ್ದರು. ಕಾಲು ಗಂಟೆಗೆ ತಲೆ ಎತ್ತಿತು. ಅಲ್ಲಿಗೆ ಮುಗಿಯಿತು ಅಂತ ಬಿಡದೆ ಶಿವಮೊಗ್ಗಕ್ಕೆ ಒಯ್ದದ್ದು ಒಳ್ಳೆಯದಾಯಿತು. ಕಾವು ಏರಿದಾಗ ಮೂತ್ರಪಿಂಡಕ್ಕೆ, ಕರುಳಿಗೆ ಆದ ಪೆಟ್ಟು ಎರಡು ಮೂರು ದಿನ ಬಿಟ್ಟು ತೋರಿಸಿಕೊಳ್ಳಬಹುದು. ಆಟ ಆಡುತ್ತಿದೆಯಲ್ಲ ಅಂತ ಸುಮ್ಮನಿರುವಂತಿಲ್ಲ.

ನಾಯಿಯ ಮೈಕಾವು ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿತೆಂದರೆ ಒಳಗೆ ಬೇಯಲು ಶುರು. ತೂರಾಡುವುದು, ವಾಂತಿ, ಕರೆದರೆ ತಿರುಗದೆ ಇರುವುದು, ಇವೆಲ್ಲ ಅದರ ಗುರುತು. ಐಸ್ ಹುಡುಕುತ್ತ ಹೊತ್ತು ಕಳೆಯಬೇಡಿ, ಬಾವಿ ನೀರು ಸಾಕು. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಕಾವು ಒಳಗೇ ಕೂರುತ್ತದೆ. ನೀರು ಹೊಯ್ಯುತ್ತಿರಬೇಕು, ಗಾಳಿ ಆಡುತ್ತಿರಬೇಕು. ಬಾಯಿಗೆ ಒತ್ತಾಯದಿಂದ ನೀರು ಬಿಡಬೇಡಿ, ನೆತ್ತಿಗೆ ಹತ್ತುತ್ತದೆ. ಪಗ್, ಶಿಟ್ಜು, ಬುಲ್‌ಡಾಗ್ ಥರ ಮೂತಿ ಚಪ್ಪಟೆ ಇರುವ ನಾಯಿಗಳಿಗಂತೂ ಮೇ ತಿಂಗಳಲ್ಲಿ ಏರು ಹತ್ತುವ ಯೋಚನೆಯೇ ಬೇಡ. ಕಾರಿನಲ್ಲಿ ಕಿಟಕಿ ಒಂದು ಬೆರಳು ಇಳಿಸಿ ನಾಯಿಯನ್ನು ಬಿಟ್ಟು ಊಟಕ್ಕೆ ಹೋಗುವವರಿಗೆ ಒಂದು ಲೆಕ್ಕ: ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಹತ್ತೇ ನಿಮಿಷದಲ್ಲಿ ಒಳಗೆ 40ರ ಹತ್ತಿರ.

ಹಾಗಾದರೆ ಯಾವಾಗ ನಡೆಯುವುದು? ಬೆಳಕು ಹರಿಯುವ ಹೊತ್ತಿಗೆ ಹೊರಟು ಎಂಟರೊಳಗೆ ಮನೆ ಸೇರಿ. ಮೊದಲ ಎರಡು ದಿನ ಅರ್ಧ ಗಂಟೆ ಸಾಕು. ಅಪಾರ್ಟ್‌ಮೆಂಟಿನ ಟೈಲ್ಸ್ ಮೇಲೆ ಬೆಳೆದ ಪಾದ ಜಂಬಿಟ್ಟಿಗೆ ಕಲ್ಲಿಗೆ ಒಗ್ಗಬೇಕಲ್ಲ. ನೆಲ ಕಾದಿದೆಯಾ ಅಂತ ಅನುಮಾನ ಬಂದರೆ ಅಂಗೈಯ ಹಿಂಭಾಗ ಊರಿ ಏಳು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ಅದಕ್ಕೂ ಆಗದು. 30 ಕೆ.ಜಿ.ಯ ನಾಯಿಗೆ ಸುಮ್ಮನಿದ್ದರೂ ದಿನಕ್ಕೆ ಒಂದೂವರೆ ಲೀಟರ್ ನೀರು ಬೇಕು, ನಡೆದ ದಿನ ಅದರ ಎರಡರಷ್ಟು. ಸಣ್ಣ ನಡಿಗೆಗೂ ಒಂದು ಲೀಟರ್ ಬಾಟಲಿ ಅದರ ಹೆಸರಿನಲ್ಲೇ ಇರಲಿ. ಮೇಯಲ್ಲಿ ಹಳ್ಳಗಳು ಬತ್ತಿ ಗುಂಡಿಗಳಲ್ಲಿ ಕಟ್ಟಿ ನಿಂತ ನೀರು ಇಲಿಜ್ವರದ ಮನೆ.

ಓಡಿಸಬೇಕು ಅಂತಿದ್ದರೆ ಗದ್ದೆ ಬಯಲಿಗಿಂತ ಒಳ್ಳೆಯ ಜಾಗ ಇಲ್ಲ. ಕೊಯ್ಲು ಮುಗಿದು ಬರೀ ಕೂಳೆ ಉಳಿದಿರುತ್ತದೆ, ನಾಲ್ಕೂ ಕಡೆ ಕಣ್ಣಳತೆ. ಗದ್ದೆಯವರನ್ನು ಒಂದು ಮಾತು ಕೇಳಿ, ಬೇಸಿಗೆ ತರಕಾರಿ ಹಾಕಿರುತ್ತಾರೆ. ಈಜಿಗೆ ಹೊಳೆಯ ಮಡು ಬೇಡ, ಮೊಣಕಾಲುದ್ದದ ಹರಿವು ಸಾಕು. ತುಂಗೆಯ ದಂಡೆಯ ಚಿಬ್ಬಲಗುಡ್ಡೆಯಲ್ಲಿ ದೇವರ ಮೀನುಗಳಿವೆ, ಅಲ್ಲಿ ಮಾತ್ರ ಇಳಿಸಬೇಡಿ.

ಈಗ ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಸೊಪ್ಪಿನ ಬೆಟ್ಟಕ್ಕೆ ಹೋಗಿ ಅಂತ ನಾನೇ ಹೇಳಿದ್ದರಿಂದ ಇದನ್ನೂ ನಾನೇ ಹೇಳಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುವುದರ ಜೊತೆ ಪತ್ತೆಯಾದ, ಮನುಷ್ಯರಿಗೂ ತಗಲುವ ಮಂಗನ ಕಾಯಿಲೆಯನ್ನು ಹರಡುವುದು ಇದೇ ಉಣುಗು. ಅದರ ಮರಿಗಳು ನವೆಂಬರಿನಿಂದ ಮೇವರೆಗೆ ದರಗಿನಲ್ಲಿ ತುಂಬಿರುತ್ತವೆ, ಎಳ್ಳುಕಾಳಿಗಿಂತ ಚಿಕ್ಕವು. ನಾಯಿಯ ಮೈಗೆ ಹತ್ತಿ ಮನೆಯೊಳಗೆ, ಮಕ್ಕಳ ಹಾಸಿಗೆಗೆ ಬಂದರೆ ಎನ್ನುವುದು ಇಲ್ಲಿನ ಆತಂಕ. ಅದಕ್ಕೇ ಊರಿಗೆ ಬಂದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ: ಈ ವರ್ಷ ಹತ್ತಿರದಲ್ಲಿ ಎಲ್ಲಾದರೂ ಮಂಗ ಸತ್ತಿದೆಯಾ? ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಸತ್ತಿದ್ದರೆ ಕಾಡಿನ ಕಡೆ ನೀವೂ ಬೇಡ, ನಾಯಿಯೂ ಬೇಡ, ಗದ್ದೆ ಬಯಲೇ ಸಾಕು.

ಸತ್ತಿಲ್ಲವೆಂದರೂ ನಮ್ಮನೆಯಲ್ಲಿ ಒಂದು ಕಟ್ಟಳೆ ಇದೆ: ಉಣುಗೋಲು ದಾಟುವ ಮುಂಚೆ ಉಣುಗು ನೋಡು. ಬೇಲಿಯ ಗಳು ಸರಿಸುವ ಮುಂಚೆ ಅಲ್ಲೇ ನಿಂತು ನಾಯಿಯ ಕಿವಿಯ ಮಡಿಕೆ, ಕೊರಳಪಟ್ಟಿಯ ಅಡಿ, ಬೆರಳಸಂದು, ಬಾಲದ ಬುಡ ಎಲ್ಲ ಸವರಬೇಕು. ಕಣ್ಣಿಗಿಂತ ಬೆರಳಿಗೆ ಮೊದಲು ಸಿಗುತ್ತದೆ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆದು ಸೋಪಿನ ನೀರಿಗೆ ಹಾಕಿ. ಉಗುರಲ್ಲಿ ಚಿಟುಕಿಸಬೇಡಿ, ಸೀಮೆಎಣ್ಣೆಯೂ ಬೇಡ. ಉಣುಗು ಹತ್ತದಿರಲಿ ಅಂತ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ನಿಮ್ಮ ಕೈಕಾಲಿಗೆ, ನಾಯಿಗಲ್ಲ, ಅದು ನೆಕ್ಕಿಕೊಳ್ಳುತ್ತದೆ. ಕೊಟ್ಟಿಗೆಯಲ್ಲಿ ದನದ ಉಣುಗಿಗೆ ತಂದ ಔಷಧವನ್ನು ಅಂದಾಜಿನ ಮೇಲೆ ಬಳಿಯುವವರೂ ಇದ್ದಾರೆ, ಅದರಿಂದ ಸೆಳವು ಬಂದ ನಾಯಿ ನೋಡಿದ್ದೇನೆ. ಹೊರಡುವ ಒಂದು ವಾರ ಮೊದಲು ನಿಮ್ಮ ವೈದ್ಯರಲ್ಲಿ ಕೇಳಿ ಉಣುಗಿನ ಮಾತ್ರೆ ಕೊಡಿಸಿ. ಬೆನ್ನಿಗೆ ಬಿಡುವ ಹನಿಯಾದರೆ ಹೊಳೆಯಲ್ಲಿ ಮುಳುಗುವ ನಾಯಿಗೆ ಅದರ ಬಲ ಕಮ್ಮಿ. ಹನಿಯಲ್ಲಿ ಪರ್ಮೆತ್ರಿನ್ ಇದ್ದರೆ ಅತ್ತೆ ಮನೆಯ ಬೆಕ್ಕಿಗೆ ಅದು ವಿಷ. ವಾಪಸು ಹೋದ ಎರಡು ಮೂರು ವಾರಗಳಲ್ಲಿ ನಾಯಿ ಊಟ ಬಿಟ್ಟು ಜ್ವರ ಬಂದು ವಸಡು ಬಿಳಿಚಿಕೊಂಡರೆ ಮಲೆನಾಡಿಗೆ ಹೋಗಿದ್ದೆವು ಅಂತ ವೈದ್ಯರಿಗೆ ಹೇಳಿ. ನಾಯಿಗಳಿಗೆ ಬರುವ ಉಣುಗಿನ ಜ್ವರವೇ ಬೇರೆ, ರಕ್ತ ಪರೀಕ್ಷೆಯಲ್ಲಿ ಸಿಗುತ್ತದೆ.

ಹಗ್ಗ ಬಿಚ್ಚುವ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. 'ನಮ್ಮದು ಕರೆದರೆ ಬರುತ್ತೆ' ಅನ್ನುತ್ತೀರಿ. ಬರುತ್ತದೆ, ಅದೇ ತೊಂದರೆ. ಕಾಟಿಯನ್ನೋ (ಕಾಡುಕೋಣ) ಹಂದಿಯನ್ನೋ ಬೊಗಳಿ ಕೆಣಕಿ, ಅದು ತಿರುಗಿ ಬಿದ್ದಾಗ ನಾಯಿ ಓಡಿ ಬರುವುದು ನಿಮ್ಮ ಕಾಲಿನ ಹತ್ತಿರಕ್ಕೇ. ತೋಟದ ಬೇಲಿಗಳಲ್ಲಿ ಹಂದಿಗೆ ಕಟ್ಟಿದ ತಂತಿಯ ಉರುಳು ಇರಬಹುದು. ಅದಕ್ಕಿಂತ ಕೆಟ್ಟದ್ದು ಹಂದಿಗೆ ಅಂತ ತಿಂಡಿಯ ವಾಸನೆ ಹಚ್ಚಿ ಇಟ್ಟ ಸಿಡಿಮದ್ದಿನ ಉಂಡೆ. ಕಾನೂನಿಗೆ ವಿರುದ್ಧ, ಆದರೂ ಇಡುವವರಿದ್ದಾರೆ. ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ಲ್ಯಾಬ್ರಡಾರಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಹಾವಿನದ್ದೂ ಹಾಗೆಯೇ, ಮೂಸಲು ಹೋಗಿ ಮೂತಿಗೇ ಕಚ್ಚಿಸಿಕೊಳ್ಳುತ್ತವೆ. ಗಾಯ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ಎತ್ತಿಕೊಂಡು ಗಾಡಿ ಹತ್ತಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಆದರೆ ತೀರ್ಥಹಳ್ಳಿಯಿಂದಲೇ ಅದು 60 ಕಿ.ಮೀ. ದೂರ. ಆ ಲೆಕ್ಕ ತಲೆಯಲ್ಲಿರಲಿ. ಐದು ಮೀಟರ್ ಉದ್ದದ ಹಗ್ಗ, ಎದೆಗೆ ಹಾಕುವ ಹಾರ್ನೆಸ್ ತನ್ನಿ. ಮಧ್ಯಾಹ್ನದ ಗುಡುಗಿಗೆ ಬೆದರಿ ಕೊರಳಪಟ್ಟಿಯಿಂದ ತಲೆ ಜಾರಿಸಿಕೊಂಡು ಓಡಿದ ನಾಯಿಗಳನ್ನು ರಾತ್ರಿಯಿಡೀ ಹುಡುಕಿದ್ದೇವೆ.

ರಾತ್ರಿ ಒಳಗೇ ಮಲಗಿಸಿಕೊಳ್ಳಿ. ಜಗಲಿ ಕಂಬಕ್ಕೆ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ. ಇದನ್ನು ಅತ್ತೆಗೆ ನೀವು ಹೇಳಿಕೊಡಬೇಕಾಗಿಲ್ಲ, ಆದರೆ ನಾಯಿ ಒಳಗೆ ಮಲಗಲು ಅವರು ಒಪ್ಪುತ್ತಾರಾ ಅಂತ ಹೊರಡುವ ಮುಂಚೆಯೇ ಫೋನು ಮಾಡಿ ಕೇಳಿಕೊಳ್ಳಿ.

ಊಟದ್ದು ಬೇಗ ಹೇಳಿಬಿಡುತ್ತೇನೆ. ಹಲಸಿನ ತೊಳೆ ಒಂದೆರಡು ಕೊಟ್ಟರೆ ಅಡ್ಡಿಯಿಲ್ಲ. ಹಲಸಿನ ಬೀಜ, ಮಾವಿನ ಗೊರಟು ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಆಪರೇಷನ್ ಆಗಬೇಕಾಗುತ್ತದೆ, ಹಣ್ಣು ಬಿಡಿಸಿದ ಮೇಲೆ ಮಕ್ಕಳು ಬುಟ್ಟಿ ಎಲ್ಲಿಡುತ್ತಾರೆ ನೋಡಿಕೊಳ್ಳಿ. ತಿಂಗಳ ಕೊನೆಯವರೆಗೂ ಇರುವುದಾದರೆ ಅಡಕೆಯ ಕೊಳೆರೋಗಕ್ಕೆ ಅಂತ ತೋಟದಲ್ಲಿ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೊ ದ್ರಾವಣ ಹೊಡೆಯಲು ಶುರುವಾಗಿರುತ್ತದೆ. ಮೈಲುತುತ್ತದ ಡ್ರಮ್ಮಿನ ನೀರು ನಾಯಿಗೆ ಎಟುಕಬಾರದು. ಕಾಲು ನೋವು ಅಂತ ನಿಮ್ಮ ಪ್ಯಾರಾಸಿಟಮಾಲ್ ಕೊಡಬೇಡಿ, ಅದನ್ನು ನಾಯಿಯ ಮೈ ತಡೆದುಕೊಳ್ಳುವುದಿಲ್ಲ. ರೇಬಿಸ್ ಮತ್ತು ಡಿಸ್ಟೆಂಪರ್, ಇಲಿಜ್ವರಗಳ ಲಸಿಕೆ ಹಳತಾಗಿದ್ದರೆ ಹೊರಡುವ ಎರಡು ಮೂರು ವಾರ ಮುಂಚೆಯೇ ಹಾಕಿಸಿ. ಆಗುಂಬೆ ಘಾಟಿ ಇಳಿಯುವ ಯೋಚನೆ ಇದ್ದರೆ ಖಾಲಿ ಹೊಟ್ಟೆಯಲ್ಲಿ ಇಳಿಸಿ, ಹದಿನಾಲ್ಕು ತಿರುವುಗಳಿವೆ, ಸೀಟು ನಿಮ್ಮದೇ.

ಮಳೆ ಮುಂಚೆಯೇ ಹಿಡಿದುಕೊಂಡರೆ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಎದ್ದಿರುತ್ತದೆ. ಕಾಲಿಗೆ ಹತ್ತಿದ್ದಕ್ಕೆ ಉಪ್ಪು ಮುಟ್ಟಿಸಿದರಾಯಿತು. ಮೂಗಿನೊಳಗೆ ಹೊಕ್ಕರೆ ನಾಯಿ ಸೀನುತ್ತಲೇ ಇರುತ್ತದೆ, ಒಂದೇ ಹೊಳ್ಳೆಯಲ್ಲಿ ರಕ್ತ ಜಿನುಗುತ್ತದೆ. ಅಲ್ಲಿಗೆ ಉಪ್ಪು ಹಾಕಬೇಡಿ. ಒಂದೆರಡು ಗಂಟೆ ನೀರು ಕೊಡದೆ ಇದ್ದು, ಆಮೇಲೆ ಅಗಲ ಬಟ್ಟಲಿನಲ್ಲಿ ತಣ್ಣೀರು ತಂದು ಮೂತಿಯ ಹತ್ತಿರ ಇಡಿ. ನಾಯಿ ಕುಡಿಯುವಾಗ ನೀರಿನ ಆಸೆಗೆ ಇಂಬಳ ಅರ್ಧ ಮೈ ಹೊರಗೆ ಚಾಚುತ್ತದೆ. ಚಿಮಟ ಕೈಯಲ್ಲಿ ತಯಾರಿರಲಿ, ಒಂದೇ ಸಲಕ್ಕೆ ಹಿಡಿಯಬೇಕು.