ಖಿನ್ನತೆ ಇರುವವರೇ ಒಬ್ಬರಿಗೊಬ್ಬರು ಮದ್ದಾದಾಗ

ಖಿನ್ನತೆಯಿಂದ ನರಳುವ ಏಳೆಂಟು ಜನರನ್ನು ಒಂದೇ ಕಡೆ ಕೂರಿಸಿದರೆ ಏನಾಗಬಹುದು? ಒಬ್ಬರ ಬೇಸರ ಇನ್ನೊಬ್ಬರಿಗೆ ಅಂಟಿ ಎಲ್ಲರೂ ಮತ್ತಷ್ಟು ಕುಸಿಯುತ್ತಾರೆ ಅನ್ನಿಸುವುದು ಸಹಜ. ಆದರೆ 2002ರಲ್ಲಿ ಉಗಾಂಡಾದ ನೈಋತ್ಯ ಭಾಗದ 30 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ ಆದದ್ದೇ ಬೇರೆ.

ಏಡ್ಸ್‌ನಿಂದ ತತ್ತರಿಸಿದ್ದ ಹಳ್ಳಿಗಳವು. ಅಲ್ಲಿಗೆ ಮನೋವೈದ್ಯರಾಗಲಿ, ದುಬಾರಿ ಮಾತ್ರೆಗಳಾಗಲಿ ತಲುಪುವ ಮಾತೇ ಇರಲಿಲ್ಲ. ಹಾಗಾಗಿ ಸಂಶೋಧಕರು ಇಂಟರ್‌ಪರ್ಸನಲ್ ಥೆರಪಿ ಎಂಬ ಮಾತಿನ ಚಿಕಿತ್ಸೆಯನ್ನು ಗುಂಪಿಗೆ ಹೊಂದಿಸಿಕೊಂಡರು. ಅಮೆರಿಕದ ಜೆರಾಲ್ಡ್ ಕ್ಲೆರ್ಮನ್ ಮತ್ತು ಮೈರ್ನಾ ವೈಸ್‌ಮನ್ 1970ರ ದಶಕದಲ್ಲಿ ಇದನ್ನು ರೂಪಿಸಿದ್ದರು. ಖಿನ್ನತೆ ಶುರುವಾಗುವ ಹೊತ್ತಿಗೆ ಹತ್ತಿರದವರ ಸಾವು, ಜಗಳ, ಬದುಕಿನ ದೊಡ್ಡ ಏರುಪೇರು ಇಂಥದ್ದೇನಾದರೂ ಆಗಿರುತ್ತದೆ, ಅದನ್ನೇ ಹಿಡಿದು ಕೆಲಸ ಮಾಡೋಣ ಅನ್ನುವುದು ಇದರ ತಿರುಳು.

ಗುಂಪುಗಳು ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ವಾರಕ್ಕೊಮ್ಮೆ ಒಂದೂವರೆ ಗಂಟೆ, ಒಟ್ಟು 16 ವಾರ. ನಡೆಸಿದವರು ಎರಡು ವಾರ ತರಬೇತಿ ಪಡೆದ ಅಲ್ಲಿನವರೇ.

ಪ್ರತಿ ಸಲವೂ ಮಾತು ಶುರುವಾಗುವುದು ಆ ವಾರದಿಂದ. ಈ ವಾರ ಹೇಗಿತ್ತು? ಬೇಸರ ಜಾಸ್ತಿಯಾದ ದಿನ ಏನಾಗಿತ್ತು? "ಏನಿಲ್ಲ, ಸುಮ್ನೆ ಬೇಜಾರು, ನಾನೇ ಸರಿಯಿಲ್ಲ" ಎನ್ನುತ್ತಿದ್ದ ಹೆಂಗಸೊಬ್ಬಳು, ಗಂಡನ ಜೊತೆ ಜಗಳವಾದ ಮರುದಿನವೇ ಹಾಸಿಗೆ ಬಿಟ್ಟೇಳಲು ಆಗಲಿಲ್ಲ ಎಂದು ಗುರುತಿಸುತ್ತಾಳೆ ಅಂದುಕೊಳ್ಳಿ. "ನಾನೇ ಸರಿಯಿಲ್ಲ" ಅನ್ನುವುದಕ್ಕೆ ಪರಿಹಾರ ಎಲ್ಲಿಂದ ತರುವುದು? ಜಗಳಕ್ಕಾದರೆ ಏನಾದರೂ ಮಾಡಬಹುದು. ನನ್ನ ಪ್ರಕಾರ ಅರ್ಧ ಚಿಕಿತ್ಸೆ ಇಲ್ಲೇ ಆಗುತ್ತದೆ.

ಇನ್ನು, ಏನು ಮಾಡುವುದು? ಗಂಡನಿಗೆ ನೇರವಾಗಿ ಹೇಳಿಬಿಡು ಎಂಬ ಅಮೆರಿಕದ ಸಲಹೆ ಅಲ್ಲಿ ನಡೆಯುವಂಥದ್ದಲ್ಲ. ಸಿಟ್ಟು ತಿಳಿಸಬೇಕೆಂದರೆ ಅಲ್ಲಿನ ಹೆಂಗಸರು ಅಡುಗೆ ಕೆಡಿಸುತ್ತಾರೆ. (ನಮಗೂ ತೀರಾ ಹೊಸದೇನಲ್ಲ, ಅಲ್ವಾ?) ಸತ್ತವರ ಬಗ್ಗೆ ಕೆಟ್ಟ ಮಾತಾಡುವುದೂ ಸಲ್ಲದು; ಹಾಗಾಗಿ ಅವರ ಜೊತೆಗಿದ್ದ ಕಹಿಯ ಬಗ್ಗೆ ಗುಂಪು ನಡೆಸುವವರು ಬೇರೆ ದಾರಿಯಲ್ಲಿ ಕೇಳಬೇಕಾಯಿತು. ಅಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಅನ್ನುವುದು ಪಕ್ಕದಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಗುಂಪು ಚಿಕಿತ್ಸೆ ಯಾಕೆ ಫಲ ಕೊಡುತ್ತದೆ ಎಂಬುದಕ್ಕೆ ಮನೋವೈದ್ಯ ಇರ್ವಿನ್ ಯಾಲಮ್ 11 ಕಾರಣಗಳನ್ನು ಕೊಟ್ಟಿದ್ದಾರೆ. 'ನನಗೊಬ್ಬಳಿಗೇ ಹೀಗಲ್ಲ' ಎಂಬ ಸಮಾಧಾನ ಅದರಲ್ಲೊಂದು. ಇನ್ನೊಬ್ಬರಿಗೆ ನೆರವಾಗುವುದು ಮತ್ತೊಂದು, ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಅದೇ. ನಾನು ಯಾರಿಗೂ ಬೇಡವಾದವಳು ಎಂದು ಖಿನ್ನತೆ ನಂಬಿಸಿರುತ್ತದೆ. ಡಾಕ್ಟರ ಎದುರು ಕೂತಾಗ ನೀವು ಬರೀ ಸಹಾಯ ಪಡೆಯುವವರು. ಗುಂಪಿನಲ್ಲಿ ಹಾಗಲ್ಲ. ನೀವು ಹೇಳಿಕೊಟ್ಟ ಉಪಾಯವನ್ನು ಇನ್ನೊಬ್ಬಳು ಮಾಡಿ ನೋಡಿ, ಮುಂದಿನ ವಾರ ಬಂದು "ನೀನು ಹೇಳಿದ್ದು ಕೆಲಸ ಮಾಡಿತು" ಎಂದರೆ ಆ ನಂಬಿಕೆಗೆ ಪೆಟ್ಟು ಬೀಳದೆ ಇರುತ್ತದೆಯೇ?

ಚಿಕಿತ್ಸೆಗೆ ಮೊದಲು ಗುಂಪಿಗೆ ಸೇರಿದವರಲ್ಲಿ ಶೇ. 86ರಷ್ಟು ಜನರಿಗೆ ತೀವ್ರ ಖಿನ್ನತೆಯ ಲಕ್ಷಣಗಳಿದ್ದವು, ಮುಗಿದಾಗ ಅದು ಶೇ. 6.5ಕ್ಕೆ ಇಳಿದಿತ್ತು. ಆ 30ರಲ್ಲಿ ಹೋಲಿಕೆಗೆಂದು ಚಿಕಿತ್ಸೆ ಕೊಡದೆ ಬಿಟ್ಟಿದ್ದ ಹಳ್ಳಿಗಳಲ್ಲಿ ಇದು ಶೇ. 94ರಿಂದ ಸುಮಾರು 55ಕ್ಕೆ ಇಳಿದಿತ್ತು. ಅಂದರೆ ತಾನಾಗಿಯೇ ಇಳಿದದ್ದೂ ಸ್ವಲ್ಪ ಇದೆ. ಇಳಿದದ್ದೆಲ್ಲ ಗುಂಪಿನ ಲೆಕ್ಕಕ್ಕೇ ಬರೆಯುವಂತಿಲ್ಲ. ಆದರೂ ಎರಡೂ ಕಡೆಯವರ ನಡುವಿನ ಅಂತರ ತುಂಬಾ ದೊಡ್ಡದು. ಆತ್ಮಹತ್ಯೆಯ ಯೋಚನೆ ಬಲವಾಗಿ ಕಾಡುವವರಿಗೆ ಮಾತ್ರ ಗುಂಪೊಂದೇ ಸಾಲದು, ಅವರು ತಡಮಾಡದೆ ವೈದ್ಯರನ್ನು ಕಾಣಬೇಕು.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಈ ಗುಂಪು ಚಿಕಿತ್ಸೆಯ ಕೈಪಿಡಿಯನ್ನೇ ಹೊರತಂದಿತು. ಆ ಉಗಾಂಡಾದ ಗುಂಪುಗಳನ್ನು ಆರು ತಿಂಗಳ ನಂತರ ನೋಡಿದಾಗ ಖಿನ್ನತೆ ಶೇ. 12ರ ಆಸುಪಾಸಿನಲ್ಲಿತ್ತು. ಚಿಕಿತ್ಸೆ ಮುಗಿದಿದ್ದರೂ ಗುಂಪಿನವರು ತಾವಾಗಿಯೇ ಸೇರುವುದನ್ನು ಮುಂದುವರಿಸಿದ್ದರು.