ಅಕ್ಕಿ ಕುಡಿದ ನೀರು

ಸಮುದ್ರದ ಕಾದಂಬರಿ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಹಡಗಿನ ಹೊಟ್ಟೆಯಲ್ಲಿ ಏನು ತುಂಬಿದ್ದಾರೆ ಎಂದು. ಸರಕು ಹಡಗುಗಳಲ್ಲಿ ಮೇಟ್ (ಕ್ಯಾಪ್ಟನ್‌ನ ಕೈಕೆಳಗಿನ ಅಧಿಕಾರಿ) ಆಗಿ ವರ್ಷಗಟ್ಟಲೆ ದುಡಿದವನ ಚಟ ಅದು. ಫಿರಂಗಿ, ಕತ್ತಿವರಸೆಯನ್ನು ಯಾರು ಬೇಕಾದರೂ ಬರೆದಾರು. ಸರಕು ಒದ್ದೆಯಾದರೆ ಏನಾಗುತ್ತದೆ ಎಂಬುದನ್ನು ಕಥೆ ಮಾಡಿದವರು ಇಂಗ್ಲಿಷ್ ಕಾದಂಬರಿಕಾರ ಸಿ. ಎಸ್. ಫಾರೆಸ್ಟರ್.

1937ರಲ್ಲಿ ಬಂದ, ಹಾರ್ನ್‌ಬ್ಲೋವರ್ ಸರಣಿಯ ಮೊದಲ ಕಾದಂಬರಿಯಲ್ಲೇ ಅವರ ನಾಯಕ ಹಾರ್ನ್‌ಬ್ಲೋವರ್ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್. ಅವನ ಎಳೆಯ ದಿನಗಳ ಕಥೆ ಬಂದದ್ದು 1950ರಲ್ಲಿ, 'ಮಿಸ್ಟರ್ ಮಿಡ್‌ಶಿಪ್‌ಮನ್ ಹಾರ್ನ್‌ಬ್ಲೋವರ್' ಎಂಬ ಪುಸ್ತಕದಲ್ಲಿ. ಮಿಡ್‌ಶಿಪ್‌ಮನ್ ಎಂದರೆ ಅಧಿಕಾರಿಯಾಗಲು ತರಬೇತಿ ಪಡೆಯುವ ಹುಡುಗ. 1794ರಲ್ಲಿ ಹಡಗು ಹತ್ತುವಾಗ ಅವನಿಗೆ ಹದಿನೇಳು. ಲಂಗರು ಹಾಕಿ ನಿಂತ ಹಡಗಿನಲ್ಲೇ ಹೊಟ್ಟೆ ತೊಳಸಿ ಎಲ್ಲರ ನಗೆಗೆ ಗುರಿಯಾಗುವ ಹುಡುಗ.

ಅವನಿಗೆ ಸಿಕ್ಕ ಮೊದಲ ಸ್ವತಂತ್ರ ಹೊಣೆ 'ಮರಿ ಗಲಾಂತ್'. ಅಕ್ಕಿ ತುಂಬಿಕೊಂಡು ನ್ಯೂ ಆರ್ಲಿಯನ್ಸ್‌ನಿಂದ ಫ್ರಾನ್ಸಿನ ಬೋರ್ಡೋಗೆ ಹೊರಟಿದ್ದು, ಬ್ರಿಟಿಷರ ಕೈಗೆ ಸೆರೆಸಿಕ್ಕ ಫ್ರೆಂಚ್ ಹಡಗು. ಬೆರಳೆಣಿಕೆಯ ನಾವಿಕರೊಂದಿಗೆ ಅದನ್ನು ಇಂಗ್ಲೆಂಡಿಗೆ ಮುಟ್ಟಿಸಬೇಕು. ಸೆರೆಹಿಡಿಯುವಾಗ ಬಿದ್ದ ಗುಂಡೊಂದು ನೀರಿನ ಮಟ್ಟಕ್ಕಿಂತ ಕೆಳಗೆ ತೂತು ಮಾಡಿತ್ತು. ಆದರೆ ತಳದಲ್ಲಿ ಅಳೆದು ನೋಡಿದರೆ ಹನಿ ನೀರಿಲ್ಲ. ಹುಡುಗ ನಿರಾಳನಾದ.

ನೀರು ಬರುತ್ತಲೇ ಇತ್ತು, ತಳ ಮುಟ್ಟುವ ಮೊದಲೇ ಅಕ್ಕಿ ಅದನ್ನು ಕುಡಿಯುತ್ತಿತ್ತು, ಅಷ್ಟೆ. ರಾತ್ರಿ ದೋಸೆಗೆ ಅಕ್ಕಿ ನೆನೆಹಾಕುವವರಿಗೆ ಮುಂದಿನದನ್ನು ಹೇಳಬೇಕಿಲ್ಲ. ನಮ್ಮ ಪಾತ್ರೆಗೆ ಬಾಯಿ ತೆರೆದಿರುತ್ತದೆ. ಅಲ್ಲಿ ನಾಲ್ಕೂ ಕಡೆ ಹಲಗೆ, ಮೇಲೆ ಡೆಕ್ಕು. ಉಬ್ಬಿದ ಅಕ್ಕಿ ಹಲಗೆಗಳ ಸಂದುಗಳನ್ನೇ ಬಿಡಿಸಿತು. ಸಂದು ಬಿಟ್ಟಷ್ಟೂ ನೀರು, ನೀರು ಬಂದಷ್ಟೂ ಅಕ್ಕಿಯ ಉಬ್ಬು. ಚೀಲಗಳನ್ನು ಸಮುದ್ರಕ್ಕೆ ಎಸೆಯತೊಡಗುವ ಹೊತ್ತಿಗೆ ಕೈಮೀರಿತ್ತು. ಸೆರೆಸಿಕ್ಕ ಫ್ರೆಂಚ್ ನಾವಿಕರ ಜೊತೆ ಒಂದೇ ದೋಣಿಗೆ ಇಳಿಯಬೇಕಾಯಿತು.

ಅಕ್ಕಿಯ ಗುಣ ಗೊತ್ತಿಲ್ಲದ್ದು ಅವನ ತಪ್ಪು ಎಂದು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗುಂಡು ಬಿದ್ದಿದೆ, ಆದರೂ ತಳ ಒಣಗಿದೆ. ಈ ಎರಡು ಒಟ್ಟಿಗೆ ಹೇಗೆ ಸಾಧ್ಯ ಎಂದು ಅವನು ಕೇಳಿಕೊಳ್ಳಲಿಲ್ಲ. ಇಂಥವನೇ ಅದೇ ಪುಸ್ತಕದ ಮೊದಲ ಕಥೆಯಲ್ಲಿ, ತನ್ನನ್ನು ಪೀಡಿಸುವವನ ಜೊತೆ ದ್ವಂದ್ವಕ್ಕೆ ನಿಂತಾಗ, ಎರಡು ಪಿಸ್ತೂಲಿನಲ್ಲಿ ಒಂದಕ್ಕೆ ಮಾತ್ರ ಮದ್ದು ತುಂಬಿಸಿ ಎಂದು ಕೇಳಿದ್ದ, ಸಾವಿನ ಸಾಧ್ಯತೆಯನ್ನೂ ಸರಿಪಾಲು ಮಾಡಿಕೊಂಡು! ಲೆಕ್ಕ ಬಲ್ಲವನು ತನಗೆ ಹಿತವಾದ ಸೊನ್ನೆಯನ್ನು ಮಾತ್ರ ತಾಳೆ ನೋಡಲಿಲ್ಲ. ಮುಂದೆ ಜಿಬ್ರಾಲ್ಟರ್‌ನ ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಅವನ ಬಾಯಿ ಕಟ್ಟಿಹೋಗುತ್ತದೆ. ಶತ್ರುಗಳು ಬೆಂಕಿ ಹಚ್ಚಿ ಬಿಟ್ಟ ಹಡಗುಗಳು ಬಂದು ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ. ಓದಲು ಸೊಗಸು, ಆದರೆ ಅಲ್ಲಿ ಅದೃಷ್ಟದ ಪಾಲು ನನ್ನ ರುಚಿಗೆ ತುಸು ಹೆಚ್ಚು.

ಅಕ್ಕಿಯ ಪ್ರಸಂಗ ನನ್ನನ್ನು ಚುಚ್ಚುವುದಕ್ಕೆ ಬೇರೆ ಕಾರಣವೂ ಇದೆ. ಕೆಡೆಟ್ (ತರಬೇತಿಯ ಹುಡುಗ) ಆಗಿದ್ದಾಗ ಅಕ್ಕಿ ಚೀಲಗಳಿದ್ದ ಹೋಲ್ಡಿನ, ಅಂದರೆ ಸರಕಿನ ಕೋಣೆಯ, ಬಿಲ್ಜ್ (ತಳದಲ್ಲಿ ನೀರು ಸೇರುವ ಗುಂಡಿ) ಅಳೆದು ದಿನವೂ 'ಸೊನ್ನೆ' ಎಂದು ಬರೆಯುತ್ತಿದ್ದೆ. ಬಂದರಿನಲ್ಲಿ ಖಾಲಿ ಮಾಡುವಾಗ ಕೆಳಸಾಲಿನ ಚೀಲಗಳು ಹುಳಿ ವಾಸನೆ ಹೊಡೆಯುತ್ತಿದ್ದವು. ಒಡೆದ ಚೀಲಗಳ ಅಕ್ಕಿ ಬಿಲ್ಜ್‌ನ ಜಾಲರಿಯನ್ನು ಮುಚ್ಚಿ, ನೀರು ಕೆಳಗಿಳಿಯದೆ ಮೇಲೇ ನಿಂತಿತ್ತು. ಚೀಫ್ ಮೇಟ್ ಬೈಯಲಿಲ್ಲ. ನೀರಿನ ಅಳತೆ ಬರೆಯುವ ಸೌಂಡಿಂಗ್ ಪುಸ್ತಕ ತೆರೆದು ನನ್ನ ಸೊನ್ನೆಗಳ ಸಾಲಿನ ಮೇಲೆ ಬೆರಳಾಡಿಸಿದರು. ನಾನು ಮೇಟ್ ಆದ ಮೇಲೆ, ಲೋಡಿಂಗಿಗೆ ಮುಂಚೆ ಬಿಲ್ಜ್‌ಗೆ ನೀರು ಸುರಿಸಿ, ಅಳೆಸಿ, ಪಂಪು ಹಾಕಿಸಿ, ಜಾಲರಿಗೆ ಗೋಣಿ ಹೊದಿಸಿದ ಮೇಲೇ ಮೊದಲ ಚೀಲ ಇಳಿಯುತ್ತಿತ್ತು.